ಮಳೆ ಬಂತೆಂದು ನಿಂತದ್ದು

ನೆದರ್ಲೆಂಡ್ಸಿನಲ್ಲಿ ಏನೇನು ನೋಡಿದೆ ಎಂದು ಕೇಳಿದವರಿಗೆಲ್ಲ ನಾನು ಒಂದು ರೈಲು ಸೇತುವೆಯ ಅಡಿಭಾಗವನ್ನು ವರ್ಣಿಸುತ್ತೇನೆ. ಅದರ ಕಪ್ಪು ಇಟ್ಟಿಗೆ, ಗೋಡೆಯಿಂದ ಜಿನುಗಿ ಹಸಿರುಗಟ್ಟಿದ ನೀರಿನ ಪಟ್ಟೆ, ಮೂಲೆಯಲ್ಲಿ ಮೈ ಮುದುಡಿ ಕೂತ ಪಾರಿವಾಳಗಳು. ಕೇಳಿದವರು ಹೂವಿನ ತೋಟದ ಮಾತು, ಗಾಳಿಯಂತ್ರದ ಮಾತು ಬರಲೆಂದು ಕಾಯುತ್ತಾರೆ. ಬರುವುದಿಲ್ಲ.

ತೊಂದರೆಯೆಂದರೆ ಪ್ರತಿ ಸಲ ಹೇಳುವಾಗಲೂ ಆ ದಿನದ ಮಳೆ ಇಷ್ಟಿಷ್ಟೇ ಜೋರಾಗುತ್ತಿದೆ. ನಾನು ಸಿಂದಗಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಕಣ್ಣಾರೆ ಕಂಡವರ ಹೇಳಿಕೆಯನ್ನೇ ಮೊದಲು ಅನುಮಾನಿಸಿ ಎಂದು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಹೇಳುವವಳು. ಮಳೆ ಇನ್ನೂ ಜೋರಾಗಿ ನಾನು ಮಾಡಿದ್ದೆಲ್ಲ ಅದರಲ್ಲಿ ಕೊಚ್ಚಿಹೋಗುವ ಮೊದಲು ಬರೆದಿಡುವುದು ಒಳ್ಳೆಯದು.

ಬಸವನ ಬಾಗೇವಾಡಿ, ಹೊರಡುವ ಮುನ್ನ

ನಸೀಮಾ ಮತ್ತು ನಾನು ಬಾಗೇವಾಡಿಯ ಒಂದೇ ಓಣಿಯಲ್ಲಿ ಬೆಳೆದವರು. ಅವಳ ಅಬ್ಬಾನದು ಬಾಡಿಗೆ ಸೈಕಲ್ ಅಂಗಡಿ. ನನಗೆ ಅವರು ಕಾಕಾ. ಈಗ ಸೈಕಲ್ಲನ್ನು ಬಾಡಿಗೆಗೆ ಕೇಳುವವರಿಲ್ಲ, ಅಂಗಡಿಯಲ್ಲಿ ಬೈಕುಗಳ ಪಂಕ್ಚರ್ ತೆಗೆಯುತ್ತಾರೆ. ಆದರೂ ಒಳಗಿನ ಗೋಡೆಗೆ ಎರಡು ಹಳೆಯ ಸೈಕಲ್ಲುಗಳು ತೂಗುಬಿದ್ದಿವೆ. ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ ಕತ್ತರಿ ಹೊಡೆಯುತ್ತ ನಾವಿಬ್ಬರೂ ಕಲಿತದ್ದು ಆ ಎರಡರ ಮೇಲೆಯೇ ಎಂದು ನನ್ನ ನಂಬಿಕೆ. ಅವು ಆಮೇಲೆ ಕೊಂಡವು ಎನ್ನುತ್ತಾರೆ ಕಾಕಾ.

ಮುದ್ದೇಬಿಹಾಳದ ಕಾಲೇಜಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನಸೀಮಾ ನಲವತ್ತರ ಹತ್ತಿರ ಬಂದಾಗ ರಜೆ ಹಾಕಿ ಸಂಶೋಧನೆಗೆಂದು ನೆದರ್ಲೆಂಡ್ಸಿಗೆ ಹೋದಳು. ಅವಳ ವಿಷಯ ಸವಳು ನೆಲ. ಕಾಲುವೆಯ ನೀರು ಬಂದ ಮೇಲೆ ನಮ್ಮ ಕಡೆಯ ಎಷ್ಟೋ ಎರೆಹೊಲಗಳಲ್ಲಿ ಉಪ್ಪು ಮೇಲೆ ಬಂದು ಮಣ್ಣು ಬೆಳ್ಳಗಾಗಿದೆ. ಸಮುದ್ರದ ಮಗ್ಗುಲಲ್ಲಿ ಮಲಗಿರುವ ಆ ದೇಶಕ್ಕೂ ಅದೇ ರೋಗವಂತೆ.

ಹಲವು ವರ್ಷಗಳ ದುಡಿಮೆ ಮುಗಿದು ಕೊನೆಯ ಪರೀಕ್ಷೆ ಗೊತ್ತಾಯಿತು. ಅದನ್ನು ತುಂಬಿದ ಸಭೆಯಲ್ಲಿ ನಡೆಸುತ್ತಾರೆ. ನಿಲುವಂಗಿ ತೊಟ್ಟ ಪ್ರಾಧ್ಯಾಪಕರು ಎದುರು ಕೂತು ಪ್ರಶ್ನೆ ಕೇಳುತ್ತಾರೆ. ಅಭ್ಯರ್ಥಿಯ ಎಡಕ್ಕೊಬ್ಬರು ಬಲಕ್ಕೊಬ್ಬರು ಸಂಗಾತಿಗಳು ಇರುವುದು ಅಲ್ಲಿನ ಹಳೆಯ ಪದ್ಧತಿ. ವಾದ ಜಗಳಕ್ಕೆ ತಿರುಗಿದರೆ ಅಭ್ಯರ್ಥಿಯನ್ನು ಕಾಪಾಡಲೆಂದು ಹಿಂದೆ ಇಟ್ಟುಕೊಳ್ಳುತ್ತಿದ್ದರಂತೆ. ನಸೀಮಾ ಹೇಳಿದ್ದು, ನಿಜವೋ ತಿಳಿಯದು. ಒಬ್ಬಳು ಅಲ್ಲಿಯ ಸಹೋದ್ಯೋಗಿ ಮರೈಕೆ. ಇನ್ನೊಬ್ಬಳು ನಾನೇ ಆಗಬೇಕೆಂದು ಫೋನಿನಲ್ಲಿ ಹಟ ಹಿಡಿದಳು.

"ನೀ ಬಾಯಿ ಬಿಡೂದು ಬ್ಯಾಡ. ನನ್ನ ಬಾಜೂಕ ಕುಂದ್ರು, ಅಷ್ಟ ಸಾಕು. ಇಂಗ್ಲಿಷ್ ಕೈ ಕೊಟ್ಟಾಗ ನಿನ್ನ ಮಾರಿ ನೋಡ್ತೇನಿ."

ಕಾಕಾ ಹೋಗುವಂತಿರಲಿಲ್ಲ. ಕಣ್ಣಿನ ಆಪರೇಷನ್ ಆಗಿತ್ತು, ಡಾಕ್ಟರು ಪ್ರಯಾಣ ಬೇಡವೆಂದಿದ್ದರು. ಆದರೆ ಸಮಾರಂಭ ಮೊಬೈಲಿನಲ್ಲಿ ನೇರವಾಗಿ ಕಾಣುತ್ತದೆಂದು ತಿಳಿದು, ಅಂಗಡಿಯಲ್ಲೇ ಓಣಿಯವರನ್ನೆಲ್ಲ ಕೂರಿಸಿಕೊಂಡು ನೋಡುವ ಏರ್ಪಾಡು ಮಾಡಿದ್ದರು. ಹೊರಡುವ ಹಿಂದಿನ ದಿನ ಭೇಟಿಗೆ ಹೋದಾಗ ಯಾವ ಸೀರೆ ಉಡುತ್ತೀ ಎಂದು ಕೇಳಿದರು. ಹೆಂಗಸರ ಬಟ್ಟೆಯ ವಿಚಾರ ಅವರು ಎಂದೂ ಎತ್ತಿದವರಲ್ಲ.

"ಕೆಂಪು ಸೆರಗಿನ ಇಲಕಲ್ ಸೀರಿ ಉಡವ್ವ. ಇನ್ನಾ ಕಣ್ಣು ಮಂಜ ಅದಾವ. ಕೆಂಪ ಕಂಡ್ರ ಸಾಕು, ನಮ್ಮ ಹುಡುಗಿ ಬಾಜೂಕ ನಮ್ಮವ್ರು ಅದಾರ ಅಂತ ಗೊತ್ತ ಮಾಡ್ಕೋತೇನಿ."

ಇಲ್ಲಿ ನಮ್ಮ ಕಡೆಯ ಮಳೆಯ ಬಗ್ಗೆ ಒಂದು ಮಾತು ಹೇಳಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಈ ನಾಲ್ಕೂ ಕಡೆ ರೇನ್‌ಕೋಟ್ ಇರುವ ಮನೆಯನ್ನು ಹುಡುಕಬೇಕು. ಹೊಲಕ್ಕೆ ಹೋದವರು ಗೋಣಿಚೀಲವನ್ನು ಮಡಚಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡಾರು, ಅಷ್ಟೇ. ಉಳಿದವರು ನಿಲ್ಲುತ್ತಾರೆ. ಮಳೆ ಬಂತೆಂದರೆ ಹತ್ತಿರದ ಅಂಗಡಿಯ ತಗಡಿನ ಕೆಳಗೆ, ಗಿರಣಿಯ ಬಾಗಿಲಲ್ಲಿ, ಗುರುತಿಲ್ಲದವರ ಪಡಸಾಲೆಯಲ್ಲಿ ನಿಲ್ಲುತ್ತಾರೆ. ಮನೆಯವರು ಒಳಗೆ ಬರ್ರಿ ಎನ್ನುತ್ತಾರೆ. ಇಂಡಿಯಿಂದ ದಿನಾ ಬೈಕಿನಲ್ಲಿ ಬರುವ ನಮ್ಮ ಕಾಲೇಜಿನ ಸಹೋದ್ಯೋಗಿ ತಡವಾಗಿ ಬಂದು "ಮಳಿ ಬಂತ್ರಿ" ಎಂದರೆ ಪ್ರಾಂಶುಪಾಲರು ಮುಂದೆ ಕೇಳುವ ಪ್ರಶ್ನೆ "ಎಷ್ಟ ಹಸಿ ಆತ್ರಿ?" ಎಂದು. ನೆಲ ಎಷ್ಟು ಆಳ ನೆನೆದಿದೆ ಎಂಬುದು ಮುಖ್ಯ, ಯಾರು ಎಷ್ಟು ತಡವಾದರೆಂಬುದಲ್ಲ. ಇದು ನನಗೆ ಪದ್ಧತಿ ಎಂದೇ ಅನ್ನಿಸಿರಲಿಲ್ಲ. ಉಸಿರಾಟವನ್ನು ಯಾರು ಪದ್ಧತಿ ಎನ್ನುತ್ತಾರೆ?

ಗ್ರೋನಿಂಗನ್, ಮೊದಲ ದಿನ

ಊರಿನ ಹೆಸರನ್ನು ಅಲ್ಲಿಯವರು ಗಂಟಲಿನಿಂದ 'ಖ' ತೆಗೆದು ಉಚ್ಚರಿಸುತ್ತಾರೆ. ಮನೆಯಲ್ಲಿ ಉರ್ದು ಕೇಳಿ ಬೆಳೆದ ನಸೀಮಾಗೆ ಅದು ಲೀಲಾಜಾಲ. ನಾನು ಪ್ರಯತ್ನಿಸಿದಾಗಲೆಲ್ಲ ಎದುರಿದ್ದವರು ನೀರು ಬೇಕೇ ಎಂದು ಕೇಳಿದರು.

ರೈಲಿನಿಂದ ಇಳಿದಾಗ ಹನಿ ಉದುರುತ್ತಿತ್ತು. ನಸೀಮಾ ನನ್ನನ್ನು ಕರೆದೊಯ್ಯಲು ಎರಡು ಸೈಕಲ್ಲು ತಂದಿದ್ದಳು. ಹಿಂದೆ ಮರೈಕೆ ನಿಂತಿದ್ದಳು. ಉದ್ದನೆಯ ಹೆಂಗಸು, ನರೆಗೂದಲು, ಅವಳದು ಮುಂದೆ ದೊಡ್ಡ ಮರದ ಪೆಟ್ಟಿಗೆಯಿರುವ ಸೈಕಲ್ಲು. ಆ ಪೆಟ್ಟಿಗೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಶಾಲೆಗೆ ಬಿಡುತ್ತಾರಂತೆ. ನನ್ನ ಸೂಟ್‌ಕೇಸನ್ನು ಎತ್ತಿ ಅದರಲ್ಲಿಟ್ಟು, ಮಗುವಿಗೆ ಹೊದಿಸುವಂತೆ ಮೇಲೆ ಪ್ಲಾಸ್ಟಿಕ್ ಹೊದಿಸಿ ಹೊರಟುಬಿಟ್ಟಳು. ನನ್ನ ಸೂಟ್‌ಕೇಸು ನನಗಿಂತ ಒಣಗಿ ಮನೆ ತಲುಪಿತು.

ದಾರಿಯುದ್ದ ನಾನು ಜನರನ್ನೇ ನೋಡುತ್ತಿದ್ದೆ. ಸೂಟು ಹಾಕಿದವನೊಬ್ಬ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಹ್ಯಾಂಡಲ್ ಹಿಡಿದು ಟೊಂಕ ನೆಟ್ಟಗೆ ಮಾಡಿ ಹೋದ. ಮದುವೆಗೆ ಹೊರಟಂತೆ ಅಲಂಕರಿಸಿಕೊಂಡ ಹುಡುಗಿಯೊಬ್ಬಳ ಮೈಮೇಲೆ ದೊಡ್ಡದೊಂದು ಹೊದಿಕೆ. ಅದರ ಮುಂಭಾಗ ಹ್ಯಾಂಡಲ್ ಮೇಲೆ ಹರಡಿ, ಅವಳ ಮೊಣಕಾಲಿನ ಮೇಲೆ ಗುಡಾರ ಕಟ್ಟಿದಂತಿತ್ತು. ನಿಲ್ಲಿಸಿದ ಸೈಕಲ್ಲುಗಳ ಸೀಟಿಗೆಲ್ಲ ಪ್ಲಾಸ್ಟಿಕ್ ಟೊಪ್ಪಿಗೆ. ಯಾರ ಮುಖದಲ್ಲೂ ಮಳೆ ಬಂದಿದೆ ಎಂಬ ಸುದ್ದಿಯೇ ಇರಲಿಲ್ಲ. ನಮ್ಮಲ್ಲಿ ಮೊದಲ ಹನಿಗೇ ಪೇಟೆಯ ಸದ್ದು ಬದಲಾಗುತ್ತದೆ. ಒಬ್ಬರು ಒಣಹಾಕಿದ ಮೆಣಸಿನಕಾಯಿಗೆ ಓಡುತ್ತಾರೆ, ಒಬ್ಬರು ಸುಮ್ಮನೆ ಕೈಯೊಡ್ಡಿ ನಿಲ್ಲುತ್ತಾರೆ. ಇಲ್ಲಿ ಸೈಕಲ್ಲಿನ ಗಂಟೆಯ ಲಯ ಕೂಡ ಕದಲಲಿಲ್ಲ.

ನಸೀಮಾಳ ಮನೆಯ ಬಾಗಿಲೊಳಗೆ ಗೂಟಗಳ ಸಾಲಿತ್ತು. ಅವಕ್ಕೆ ನೇತುಬಿದ್ದ ಮಳೆ ಹೊದಿಕೆಗಳು ಕೆಳಗಿನ ತಟ್ಟೆಗಳಿಗೆ ನೀರು ತೊಟ್ಟಿಕ್ಕಿಸುತ್ತಿದ್ದವು. ಅವಳು ತನ್ನದನ್ನು ನೋಡದೆಯೇ ಕಳಚಿ, ನೋಡದೆಯೇ ಗೂಟಕ್ಕೆ ಹಾಕಿದಳು. ಒಳಗೆ ಬಾಗೇವಾಡಿಯಲ್ಲಿ ಹೊಲಿಸಿದ ಚೂಡಿದಾರ, ಒಂದು ಹನಿ ಕಲೆಯಿಲ್ಲದೆ. ಇವಳು ಇಲ್ಲಿಯವಳಾಗಿದ್ದಾಳೆ ಎಂದು ಅನ್ನಿಸಿದ್ದು ಆ ಕೈಚಳಕ ಕಂಡಾಗ.

ಶನಿವಾರ, ಒಣಗಿರುವ ವಿದ್ಯೆ

ಸಮಾರಂಭದ ದಿನ ಕಾರು ಹಿಡಿದು ಹೋಗೋಣವೆಂದು ನಾನಂದೆ. ನಸೀಮಾ, ಮರೈಕೆ ಇಬ್ಬರೂ ಒಟ್ಟಿಗೆ ನಕ್ಕರು. ಊರ ನಡುವಿನ ಓಣಿಗಳಿಗೆ ಕಾರು ಹೋಗುವುದೇ ಇಲ್ಲ. ಪ್ರಾಧ್ಯಾಪಕರೂ ನಿಲುವಂಗಿಯನ್ನು ಚೀಲದಲ್ಲಿಟ್ಟುಕೊಂಡು ಸೈಕಲ್ ಮೇಲೆಯೇ ಬರುತ್ತಾರೆ. ಹೀಗಾಗಿ ಇಲಕಲ್ ಸೀರೆ ಉಟ್ಟವಳನ್ನು ಮಳೆಯಲ್ಲಿ ಒಣಗಿದಂತೆಯೇ ತಲುಪಿಸುವ ಪಾಠ ಶುರುವಾಯಿತು.

ಮರೈಕೆ ಮೊದಲು ಸೀರೆಯನ್ನು ಮೇಜಿನ ಮೇಲೆ ಹರಡಿ, ಇದರಲ್ಲಿ ಎಷ್ಟು ಭಾಗ ಗಾಳಿಗೆ ಹಾರುತ್ತದೆ ಎಂದು ಕೇಳಿದಳು. ಎಲ್ಲವೂ ಎಂದೆ. ಹಿಂದಿನ ಗಾಲಿಗೆ ಎರಡೂ ಬದಿ ಜಾಲರಿ ಕಟ್ಟಿದ ಸೈಕಲ್ ತಂದಳು. ಅಲ್ಲಿ ಅದು ಲಂಗಕ್ಕೆ, ಕೋಟಿಗೆ. ನಮ್ಮ ಬೈಕುಗಳಿಗೆ ಸೀರೆ ಗಾರ್ಡ್ ಇರುತ್ತದೆಂದು ನಾನು ಹೇಳಿದಾಗ, ಮೊದಲ ಸಲ ನನ್ನನ್ನು ಗೌರವದಿಂದ ನೋಡಿದಳು. ನಿರಿಗೆಗಳನ್ನು ಮೇಲೆತ್ತಿ ಬಟ್ಟೆ ಕ್ಲಿಪ್ಪಿನಿಂದ ಸೊಂಟಕ್ಕೆ ಸಿಕ್ಕಿಸಿ, ಮೇಲೆ ಮಳೆಯ ಪ್ಯಾಂಟು ತೊಡಿಸಿದರು. ಕನ್ನಡಿಯಲ್ಲಿ ನೋಡಿಕೊಂಡರೆ ಕಚ್ಚೆ ಹಾಕಿದ ನಮ್ಮಜ್ಜಿ ಕಂಡಳು. ಅವಳೇ ಬಂದಿದ್ದರೆ ಈ ಪ್ಯಾಂಟಿನ ಗೊಡವೆಯೇ ಇರುತ್ತಿರಲಿಲ್ಲ.

ಆಮೇಲೆ ಹೊದಿಕೆ. ಅದರ ಒಳಅಂಚಿನಲ್ಲಿ ಹೆಬ್ಬೆರಳು ಸಿಕ್ಕಿಸಲು ಕುಣಿಕೆಗಳಿವೆ. ಹ್ಯಾಂಡಲ್ ಮೇಲೆ ಎಳೆದು ಹಿಡಿದರೆ ಕಾಲು ನೆನೆಯದು, ಬಿಟ್ಟರೆ ಗಾಳಿ ತುಂಬಿ ಹಾಯಿಯಾಗುತ್ತದೆ. ನಿಧಾನ ತುಳಿಯಬೇಕು, ಇಲ್ಲವಾದರೆ ಒಳಗಿನ ಬೆವರಿಗೇ ಸೀರೆ ತೊಯ್ಯುತ್ತದೆ. ಬೇಕಾದದ್ದೆಲ್ಲ ಹಿಂದಿನ ಕ್ಯಾರಿಯರಿಗೆ ತೂಗುವ ನೀರು ನುಗ್ಗದ ಚೀಲದಲ್ಲಿ: ಚಪ್ಪಲಿ, ಟವೆಲು, ಫೋನು. ನಮ್ಮ ಬಳಿ ಸೈಕಲ್ಲಿಗೆಂದು ಬೇರೆ ಬಟ್ಟೆಯಿಲ್ಲ, ಬದುಕಿಗೆ ಯಾವ ಬಟ್ಟೆಯೋ ಅದೇ, ಎಂದಳು ಮರೈಕೆ. ನಸೀಮಾ ನಡುನಡುವೆ ಫೋನಿನಲ್ಲಿ ಮೋಡದ ಚಿತ್ರ ನೋಡುತ್ತಿದ್ದಳು. ನೀಲಿ ಬಣ್ಣದ ಮೋಡ ಊರಿನ ಮೇಲೆ ಯಾವಾಗ ಬರುತ್ತದೆ, ಯಾವಾಗ ದಾಟುತ್ತದೆ ಎಂದು ಅದು ತೋರಿಸುತ್ತದೆ. ನಾವು ಮಳೆ ಬಂದೀತೇ ಎಂದು ಆಕಾಶ ನೋಡುತ್ತೇವೆ. ಇವರು ಮಳೆಗಳ ನಡುವೆ ಸಂದು ಎಲ್ಲಿದೆ ಎಂದು ನೋಡುತ್ತಾರೆ.

ಸಂಜೆ ಅಡುಗೆ ಮಾಡುತ್ತ, ಇಂಗಳೇಶ್ವರದ ದಾರಿಯಲ್ಲಿ ನಾವು ಮಳೆಗೆ ಸಿಕ್ಕ ದಿನ ನೆನಪಿದೆಯೇ ಎಂದು ಕೇಳಿದೆ. ಕಾಲೇಜು ಓದುವಾಗ ಸೈಕಲ್ಲಿನಲ್ಲಿ ಹೋಗಿದ್ದೆವು. ನನ್ನ ನೆನಪಿನಲ್ಲಿ ನಾವಿಬ್ಬರೂ ಒಂದು ತೋಟದ ಪಂಪಿನ ಮನೆಯ ಬಾಗಿಲಲ್ಲಿ, ಒಂದೇ ಗೋಣಿಚೀಲವನ್ನು ತಲೆಗೆ ಹೊದ್ದು ನಿಂತಿದ್ದೇವೆ. ಚೀಲದ ಸೇಂಗಾ ವಾಸನೆ ಕೂಡ ಇನ್ನೂ ಬರುತ್ತದೆ.

ನಸೀಮಾ ಸೌಟು ಕೆಳಗಿಟ್ಟಳು. "ಇಬ್ರೂ ಎಲ್ಲಿ ನಿಂತಿದ್ವಿ? ನೀ ನಿಂತಿದ್ದಿ. ನಾ ತೊಯ್ಸಿಕೋತ ಊರತನಾ ಹೋಗಿ ತಿರುಗಿ ನಿನ್ನ ಕರ್ಯಾಕ ಬಂದೆ."

ಅದು ಬೇರೆ ದಿನವಿರಬೇಕೆಂದೆ. ಬೇರೆ ದಿನ ನಾವು ಹೋಗಿಯೇ ಇಲ್ಲ ಎಂದಳು. ಅವಳ ನೆನಪಿನಲ್ಲಿ ಗೋಣಿಚೀಲವಿಲ್ಲ, ಸೇಂಗಾ ವಾಸನೆಯಿಲ್ಲ. ನನ್ನ ನೆನಪಿನಲ್ಲಿ ಅವಳು ಹೋದದ್ದಿಲ್ಲ. ಸಾಕ್ಷಿ ಹೇಳಲು ಮೂರನೆಯವರಿಲ್ಲ. ಸಾರು ಕುದಿಯಿತು, ಅವಳು ಸೌಟು ಎತ್ತಿಕೊಂಡಳು.

ಸೇತುವೆಯ ಕೆಳಗೆ

ಸಮಾರಂಭದ ದಿನ ನಸೀಮಾ ಮತ್ತು ಮರೈಕೆ ಮುಂಚೆಯೇ ಹೊರಟರು. ಸಭಾಂಗಣ ನೋಡುವುದಿತ್ತು, ಪರದೆಯ ಮೇಲಿನ ಚಿತ್ರಗಳನ್ನು ಪರೀಕ್ಷಿಸುವುದಿತ್ತು. ಸೀರೆ ಉಡಲು ನನಗೆ ಹೊತ್ತು ಬೇಕು. ದಾರಿ ಸುಲಭ, ಕಾಲುವೆಯ ದಂಡೆ ಹಿಡಿದು ನೇರ ಹೋಗಿ ರೈಲು ಸೇತುವೆಯ ಅಡಿ ಹಾಯ್ದರೆ ವಿಶ್ವವಿದ್ಯಾಲಯದ ಗೋಪುರ ಕಾಣುತ್ತದೆ. ಹಿಂದಿನ ದಿನ ಎರಡು ಸಲ ಹೋಗಿ ಬಂದಿದ್ದೆ. ಅಲ್ಲಿ ಸಮಾರಂಭ ಗಂಟೆ ಹೊಡೆದ ಕೂಡಲೇ ಶುರು, ಬಾಗಿಲು ಹಾಕಿದ ಮೇಲೆ ಯಾರನ್ನೂ ಬಿಡುವುದಿಲ್ಲ ಎಂದು ನಸೀಮಾ ಹೊಸ್ತಿಲಲ್ಲಿ ನಿಂತು ಇನ್ನೊಮ್ಮೆ ಹೇಳಿದಳು. 

ನಾನು ಹೊರಟಾಗ ಬಿಸಿಲಿತ್ತು. ಹೊತ್ತೂ ಬೇಕಾದಷ್ಟಿತ್ತು. ಹೊದಿಕೆಯನ್ನೂ ಪ್ಯಾಂಟನ್ನೂ ಚೀಲದಲ್ಲಿಟ್ಟು, ನಿರಿಗೆಗೆ ಕ್ಲಿಪ್ ಹಾಕಿ, ಕೆಂಪು ಸೆರಗನ್ನು ಸೊಂಟಕ್ಕೆ ಬಿಗಿದು ತುಳಿದೆ. ಹೆಮ್ಮೆಯಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಕಾಲುವೆಯಲ್ಲಿ ದೋಣಿ ತೊಳೆಯುತ್ತಿದ್ದವನೊಬ್ಬ ಕೈಬೀಸಿದ.

ಸೇತುವೆಗೆ ಇನ್ನು ನಾಲ್ಕೇ ಮಾರು ಇದ್ದಾಗ ಮಳೆ ಬಂತು. ಆಮೇಲೆ ನಾನು ಮಾಡಿದ್ದನ್ನು ಯೋಚಿಸಿ ಮಾಡಲಿಲ್ಲ. ಜೋರಾಗಿ ತುಳಿದು ಸೇತುವೆಯ ಕೆಳಗೆ ಸೇರಿ, ಕಾಲೂರಿ, ಸೈಕಲ್ಲನ್ನು ಗೋಡೆಗೆ ಒರಗಿಸಿ ನಿಂತೆ. ಒಣಗಿದ್ದೆ. ನೆಮ್ಮದಿಯೆನ್ನಿಸಿತು. ಜೊತೆಗೆ ಬಂದು ನಿಲ್ಲುವವರಿಗಾಗಿ ಪಕ್ಕಕ್ಕೆ ಸರಿದು ಜಾಗ ಕೂಡ ಮಾಡಿದೆ.

ಯಾರೂ ನಿಲ್ಲಲಿಲ್ಲ. ಒಬ್ಬರ ಹಿಂದೊಬ್ಬರು ಸೇತುವೆಯೊಳಗೆ ಬಂದು, ಆಚೆ ಮಳೆಯೊಳಗೆ ಹೊರಟುಹೋಗುತ್ತಿದ್ದರು. ಕೆಲವರು ತುಳಿಯುತ್ತಲೇ ಹೊದಿಕೆಯನ್ನು ತಲೆಯ ಮೇಲಿಂದ ಎಳೆದುಕೊಂಡರು.

ನನ್ನ ಚೀಲದಲ್ಲಿಯೂ ಹೊದಿಕೆಯಿತ್ತು. ಇದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ, ಆದರೆ ಅದು ನೆನಪಿಗೆ ಬರಲಿಲ್ಲ ಎಂದಲ್ಲ. ನೆನಪಿತ್ತು. ಅದನ್ನು ತೆಗೆಯಬೇಕೆಂದು ಅನ್ನಿಸಲಿಲ್ಲ. ಇನ್ನೇನು ನಿಲ್ಲುತ್ತದೆ ಎಂದುಕೊಂಡೆ. ನಮ್ಮ ಮಳೆಗಳು ಹಾಗೇ ತಾನೇ, ರಪರಪ ಹೊಡೆದು ಮುಂದಿನ ಊರಿಗೆ ಹೋಗುತ್ತವೆ. ಗೊಳಸಂಗಿಯಲ್ಲಿ ಸುರಿದದ್ದು ಮನಗೂಳಿಯಲ್ಲಿ ಇರುವುದಿಲ್ಲ. ಇನ್ನೂ ಒಂದು ನಂಬಿಕೆ ಒಳಗೆ ಕೆಲಸ ಮಾಡುತ್ತಿತ್ತೆಂದು ಈಗ ತಿಳಿಯುತ್ತದೆ. ಮಳೆಗೆ ನಾನು ನಿಂತಿದ್ದೇನೆ ಎಂದರೆ ಎಲ್ಲರೂ ಎಲ್ಲೋ ನಿಂತಿದ್ದಾರೆ. ಪ್ರಾಧ್ಯಾಪಕರು ಒಂದು ಅಂಗಡಿಯ ಮುಂದೆ, ಸಮಾರಂಭದಲ್ಲಿ ಹೊತ್ತು ಸಾರುವ ಕೋಲುಗಾರ ಒಂದು ಮರದ ಕೆಳಗೆ. ಸಮಾರಂಭವೂ ನಿಂತು ಕಾಯುತ್ತದೆ. ಮಳೆ ನಿಂತ ಮೇಲೆ ಎಲ್ಲರೂ ಒಟ್ಟಿಗೆ ಹೊರಡುತ್ತೇವೆ.

ಎಷ್ಟು ಹೊತ್ತು ನಿಂತಿದ್ದೆನೋ ಹೇಳಲಾರೆ. ಹೇಳುವಾಗೆಲ್ಲ ಬೇರೆ ಬೇರೆ ಹೊತ್ತು ಹೇಳಿದ್ದೇನೆ. ಹಣ್ಣುಹಣ್ಣಾದ ಮುದುಕಿಯೊಬ್ಬಳು ಸೈಕಲ್ ನಿಲ್ಲಿಸಿ ಇಳಿದದ್ದು ಮಾತ್ರ ಖಚಿತ. ಅವಳು ನನ್ನ ಗಾಲಿಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಸೈಕಲ್ ಕೆಟ್ಟಿದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇಲ್ಲ, ಮಳೆ ಬರುತ್ತಿದೆ ಎಂದೆ.

"ಹೌದು?" ಎಂದಳು.

ನಾನು ಇನ್ನೊಮ್ಮೆ ಮಳೆ ಎಂದೆ. ಅವಳು ಸೌಜನ್ಯದಿಂದ ಕಾದಳು. ವಾಕ್ಯದ ಉಳಿದ ಅರ್ಧ ಬರಲೆಂದು ಕಾಯುತ್ತಿದ್ದಾಳೆಂದು ಆಗ ಹೊಳೆಯಿತು. ನನ್ನ ಪ್ರಕಾರ ವಾಕ್ಯ ಮುಗಿದಿತ್ತು.

ಇದು ಸಂಜೆಯತನಕ ಇರುತ್ತದಮ್ಮ ಎಂಬರ್ಥದ ಮಾತು ಹೇಳಿ ಅವಳು ಸೈಕಲ್ ಏರಿದಳು. ಅವಳ ಬೆನ್ನು ಮಳೆಯಲ್ಲಿ ಸಣ್ಣದಾಗುವುದನ್ನು ನೋಡಿದಾಗ ನನಗೆ ಒಮ್ಮೆಲೇ ಎಚ್ಚರವಾಯಿತು. ಪ್ಯಾಂಟು ಹಾಕಿದೆ, ಹೊದಿಕೆ ಎಳೆದೆ, ಕುಣಿಕೆಗೆ ಹೆಬ್ಬೆರಳು ಸಿಕ್ಕಿಸಿದೆ. ಫೋನು ಒಣಗಿರಲೆಂದು ಚೀಲದ ತಳದಲ್ಲಿತ್ತು. ಅದು ಕರೆದು ಕರೆದು ಸುಮ್ಮನಾಗಿತ್ತೆಂದು ಆಮೇಲೆ ತಿಳಿಯಿತು. ಗೋಪುರದ ಗಂಟೆ ಹೊಡೆದಾಗ ನಾನಿನ್ನೂ ಕಾಲುವೆಯ ದಂಡೆಯಲ್ಲಿದ್ದೆ.

ಬಾಗಿಲು

ಸಭಾಂಗಣದ ಹೊರಗಿನ ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಕಪ್ಪು ಕೋಟಿನವನೊಬ್ಬ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ನನ್ನನ್ನು ಕಂಡ ಕೂಡಲೇ ಯಾರೆಂದು ಅವನಿಗೆ ತಿಳಿಯಿತು. ನನ್ನ ವಿಷಯ ಅವನಿಗೆ ಹೇಳಿದ್ದರು. ಮುಖದಲ್ಲಿ ನಿಜವಾದ ನೋವಿತ್ತು. ತುಟಿಗೆ ಬೆರಳಿಟ್ಟು ತಲೆಯಾಡಿಸಿದ. ಆಮೇಲೆ ನನ್ನ ಹೊದಿಕೆಯನ್ನು ತೆಗೆದುಕೊಂಡು, ನೀರು ಹೊರಗೆ ಜಾರುವಂತೆ ಮಡಚಿ ಗೂಟಕ್ಕೆ ಹಾಕಿದ. ಕುರ್ಚಿಯೊಂದನ್ನು ತಂದಿಟ್ಟ.

ನಾನು ಪ್ಯಾಂಟು ತೆಗೆದೆ, ಕ್ಲಿಪ್ ಬಿಚ್ಚಿದೆ. ನಿರಿಗೆಗಳು ಉಟ್ಟ ಹಾಗೆಯೇ ಇಳಿದವು. ಒಂದು ಹನಿ ತಾಗಿರಲಿಲ್ಲ. ಮರೈಕೆಯ ವಿದ್ಯೆ ಸೋತಿರಲಿಲ್ಲ. ಹೊದ್ದು ತುಳಿಯುತ್ತ ಬಂದಿದ್ದರೆ ಹೀಗೇ ಒಣಗಿ, ಹೊತ್ತಿಗೆ ಮುಂಚೆ ಬಂದಿರುತ್ತಿದ್ದೆ.

ಬಾಗಿಲಾಚೆ ನಸೀಮಾಳ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಗಂಡಸಿನ ದನಿ ಒಂದು ಉದ್ದನೆಯ ಪ್ರಶ್ನೆ ಕೇಳಿತು. ಬಳಿಕ ಮೌನ. ಆ ಮೌನದಲ್ಲಿ ಅವಳು ಪಕ್ಕಕ್ಕೆ ತಿರುಗಿ ನೋಡಿದಳು ಎಂದು ನನಗೆ ಖಾತ್ರಿ. ಬಳಿಕ ಅವಳು ಮಾತಾಡತೊಡಗಿದಳು, ಮೊದಲು ತಡವರಿಸಿ, ಮುಂದೆ ಸರಾಗವಾಗಿ.

ಕಡೆಗೆ ಕೋಲುಗಾರ ಎಲ್ಲಿಂದಲೋ ಬಂದು ಒಳಗೆ ಹೋಗಿ ಕೋಲಿನಿಂದ ನೆಲ ಕುಟ್ಟಿ ಲ್ಯಾಟಿನ್ನಿನಲ್ಲಿ ಹೊತ್ತಾಯಿತೆಂದು ಸಾರಿದ. ಎಂಥ ಉತ್ತರವಿದ್ದರೂ ಅಲ್ಲಿಗೆ ನಿಲ್ಲಬೇಕಂತೆ. ಬಾಗಿಲು ತೆರೆಯಿತು, ಪ್ರಾಧ್ಯಾಪಕರು ಸಾಲಾಗಿ ಹೊರಬಂದು ವಿಚಾರ ಮಾಡಲು ಇನ್ನೊಂದು ಕೋಣೆಗೆ ಹೋದರು. ಹಿಂದೆ ನಸೀಮಾ ಬಂದಳು. ನನ್ನನ್ನು ತಲೆಯಿಂದ ಕಾಲಿನತನಕ ನೋಡಿದಳು. ಸೆರಗಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಮುಟ್ಟಿದಳು.

"ಒಣಾನ ಇದ್ದೀಯಲ್ಲ," ಎಂದಳು.

ಅಷ್ಟೇ. ತೊಯ್ದು ತೊಪ್ಪೆಯಾಗಿ ಬಂದಿದ್ದರೆ ಅವಳ ಮುಖ ಬೇರೆ ಇರುತ್ತಿತ್ತೆಂದು ನನಗೆ ಗೊತ್ತಿತ್ತು. ಪದವಿ ಕೊಡುವಾಗ ಒಳಗೆ ಬಿಟ್ಟರು. ನಾನು ಹಿಂದಿನ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದೆ. ಅವಳ ಎಡಕ್ಕೆ ಮರೈಕೆ, ಬಲಕ್ಕೆ ಖಾಲಿ ಕುರ್ಚಿ. ಕೆಂಪು ಸೆರಗು ಕ್ಯಾಮೆರಾಕ್ಕೆ ಕಾಣಲೆಂದು ತುದಿಗಾಲಿನಲ್ಲಿ ನಿಂತು ನೋಡಿದೆ, ಮುಂದಿದ್ದವರೆಲ್ಲ ಎತ್ತರದವರು.

ಸಂಜೆ, ನಸೀಮಾಳ ಅಡುಗೆಮನೆ

ಬಂದವರು ಅಭಿನಂದಿಸಿ ಹೋದರು.   ನಸೀಮಾಗೆ ಕ್ಷಮಿಸು ಎಂದೆ, ಆಕೆ ಆಗಲಿ ಎಂದಳು. ಏನಾಯಿತೆಂದು ವಿವರಿಸಲು ಹೊರಟರೆ ಪಾತ್ರೆ ತೊಳೆಯುವ ನಲ್ಲಿಯನ್ನು ಜೋರು ಮಾಡಿದಳು. ಇಲ್ಲಿ ಇಷ್ಟು ವರ್ಷ ಮಳೆಯಲ್ಲಿ ಸೈಕಲ್ ತುಳಿದವಳಿಗೆ, ಮಳೆ ಬಂತು ಎಂದು ಯಾವ ಬಾಯಲ್ಲಿ ಹೇಳುವುದು?

ಬಾಗೇವಾಡಿಯಿಂದ ಕರೆ ಬಂತು. ಅವಳ ಕೈ ಒದ್ದೆಯಿದ್ದುದರಿಂದ ಫೋನನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳುವಂತೆ ಮಾಡಿದಳು. ಅಂಗಡಿಯಲ್ಲಿ ಮಂದಿ ಇನ್ನೂ ಚದುರಿರಲಿಲ್ಲ. ಯಾರೋ ಪೇಡೆ ಹಂಚುತ್ತಿದ್ದರು. ಕಾಕಾ ಮಗಳೊಂದಿಗೆ ಮಾತಾಡಿದರು, ಅತ್ತರು, ಅತ್ತದ್ದಕ್ಕೆ ಕಣ್ಣಿಗೆ ಹಾಕಿದ ಔಷಧದ ನೆಪ ಹೇಳಿದರು. ಬಳಿಕ ನನ್ನನ್ನು ಕೇಳಿದರು.

"ಲೀಲಾವ್ವ, ನೀ ಎಲ್ಲಿದ್ದಿ? ಕೆಂಪ ಸೆರಗ ಎಲ್ಲೂ ಕಾಣಲಿಲ್ಲ. ನನ್ನ ಕಣ್ಣ ಪೂರಾ ಹೋದೂವು ಅಂತ ಮಾಡಿದ್ದೆ."

 ಗಾಲಿ ಕೆಟ್ಟಿತ್ತೆಂದು ಹೇಳಬಹುದಿತ್ತು. ಸೈಕಲ್ ಅಂಗಡಿಯವರ ಮುಂದೆ ಆ ಸುಳ್ಳು ಹೇಳಲಾಗಲಿಲ್ಲ.

"ಮಳಿ ಬಂತು ಕಾಕಾ. ನಿಂತಿದ್ದೆ."

"ಹೌದೇನು," ಎಂದರು ಕಾಕಾ. ದನಿಯಲ್ಲಿದ್ದ ಗಾಬರಿ ಇಳಿದಿತ್ತು. ಅಂಗಡಿಯವರ ಕಡೆ ತಿರುಗಿ ಹೇಳಿದ್ದು ನಮಗೂ ಕೇಳಿಸಿತು: "ಮಳಿ ಬಂತಂತ್ರೋ. ನಿಂತಿದ್ಲಂತ."

ಹಿಂದಿನಿಂದ ಎರಡು ಮೂರು ದನಿಗಳು ಹಾಗಾದರ ಸರಿ, ಮತ್ತೇನ ಮಾಡೂದು ಎಂದವು. ಇನ್ನೊಂದು ಮುದಿ ದನಿ ಫೋನಿನ ಹತ್ತಿರ ಬಂದು, "ಎಷ್ಟ ಹಸಿ ಆಗೇದ ಕೇಳ್ರಿ," ಎಂದಿತು.

ನಸೀಮಾ ನಲ್ಲಿ ನಿಲ್ಲಿಸಿದ್ದಳು. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದುಕೊಂಡೆ; ತಿರುಗಿದಾಗ ನಗುತ್ತಿದ್ದಳು, ಅಥವಾ ಎರಡೂ. ಒದ್ದೆ ಕೈಯಲ್ಲೇ ಮೇಜಿನ ಅಂಚು ಹಿಡಿದು ಫೋನಿನ ಮೇಲೆ ಬಾಗಿ ಹೇಳಿದಳು: "ಭಾಳ ಹಸಿ ಆಗೇದ್ರಿ ಮಾಮಾ. ಬಿತ್ತಬಹುದು."

ಆಮೇಲೆ ನಾವು ಸಮಾರಂಭದ ಚಿತ್ರೀಕರಣ ನೋಡಿದೆವು. ನನ್ನ ತಲೆಯಲ್ಲಿ ಆ ಖಾಲಿ ಕುರ್ಚಿ ಇಡೀ ಹೊತ್ತು ನಟ್ಟನಡುವೆ ಇತ್ತು. ಚಿತ್ರದಲ್ಲಿ ಅದು ಒಂದು ಮೂಲೆಯಲ್ಲಿ ಅರ್ಧ ಮಾತ್ರ ಕಾಣುತ್ತದೆ. ಉದ್ದನೆಯ ಪ್ರಶ್ನೆಯ ನಂತರದ ಮೌನವೂ ಬಂತು. ನಸೀಮಾ ಕುರ್ಚಿಯ ಕಡೆ ತಿರುಗುವುದಿಲ್ಲ. ಕಿಟಕಿಯ ಕಡೆ ನೋಡುತ್ತಾಳೆ. ಕಿಟಕಿಯಾಚೆ ಏನಿತ್ತೆಂದು ಕೇಳಿದೆ.

"ಮಳಿ," ಎಂದಳು.

ಹೊರಡುವ ಹಿಂದಿನ ದಿನ

ಕೊನೆಯ ದಿನ ಪೇಟೆಗೆ ಹೊರಟೆವು. ಕಾಕಾಗೆ ತಂಪು ಕನ್ನಡಕ ಕೊಳ್ಳುವುದಿತ್ತು. ನಾನೀಗ ಪಳಗಿದ್ದೆ, ಹೊದಿಕೆಯನ್ನು ತುಳಿಯುತ್ತಲೇ ತೊಡುವುದೊಂದು ಬಾಕಿ. ಕಾಲುವೆಯ ದಂಡೆಯಲ್ಲಿ ಮಳೆ ಶುರುವಾಯಿತು. ನಾನು ಚೀಲಕ್ಕೆ ಕೈಹಾಕಿದೆ. ಮುಂದಿದ್ದ ನಸೀಮಾ ಜೋರಾಗಿ ತುಳಿದು ಸೇತುವೆಯೊಳಗೆ ಹೋದಳು, ಆಚೆ ಬರಲಿಲ್ಲ. ನಾನು ಹೋಗಿ ನೋಡಿದರೆ ಸೈಕಲ್ಲನ್ನು ಗೋಡೆಗೆ ಒರಗಿಸುತ್ತಿದ್ದಾಳೆ.

"ಅಂಗಡಿ ಬಂದ್ ಆಗ್ತಾವ," ಎಂದೆ.

"ಆಗ್ಲಿ ಬಿಡು. ನಿಂದ್ರು."

ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಮಳೆ ನಿಲ್ಲುವ ಲಕ್ಷಣವಿರಲಿಲ್ಲ, ಇಬ್ಬರಿಗೂ ಗೊತ್ತಿತ್ತು. ಇಂಗಳೇಶ್ವರದ ದಾರಿಯಲ್ಲಿ ಯಾರು ನಿಂತದ್ದು, ಯಾರು ಹೋದದ್ದು ಎಂದು ಮತ್ತೆ ಕೇಳಬೇಕೆನ್ನಿಸಿತು, ಕೇಳಲಿಲ್ಲ. ಸೈಕಲ್ಲುಗಳು ಒಂದೊಂದಾಗಿ ನಮ್ಮನ್ನು ದಾಟಿ ಮಳೆಯೊಳಗೆ ಹೋದವು. ಕಾಲೇಜು ಹುಡುಗನಂತಿದ್ದ ಒಬ್ಬ ವೇಗ ತಗ್ಗಿಸಿ, ಒಂದು ಕಾಲೂರಿ, ನಮ್ಮ ಗಾಲಿಗಳನ್ನೂ ನಮ್ಮನ್ನೂ ನೋಡಿ ಏನೋ ಕೇಳಿದ. ಪ್ರಶ್ನೆ ನನಗೀಗ ಪರಿಚಿತ.

ನಸೀಮಾ ಅವನ ಭಾಷೆಯಲ್ಲೇ, ಗಂಟಲಿನ ಖಕಾರವನ್ನು ಸರಿಯಾಗಿ ಉಚ್ಚರಿಸುತ್ತ, ಮಳೆ ಬರುತ್ತಿದೆ ಎಂದಳು.

ಅವನು ಮುಂದಿನ ಮಾತಿಗಾಗಿ ಕಾದ. ನಾವಿಬ್ಬರೂ ಸುಮ್ಮನೆ ಅವನನ್ನು ನೋಡಿದೆವು. ಅವನು ತಲೆಯೆತ್ತಿ ಸೇತುವೆಯಾಚೆಯ ಆಕಾಶವನ್ನು ಒಮ್ಮೆ ನೋಡಿದ, ನಮ್ಮ ಮಾತು ನಿಜವೋ ಎಂದು ಪರೀಕ್ಷಿಸುವವನ ಹಾಗೆ. ಆಮೇಲೆ ಹೌದೆಂದು ತಲೆಯಾಡಿಸಿ, ತುಳಿದುಕೊಂಡು ಹೋದ.